ಬೆಳ್ಳಿಯ ಒಡವೆಯೂ ಅದರ ಪರೀಕ್ಷೆಯೂ

ಒಡವೆ ಕೊಳ್ಳುವಾಗ ಹೆಂಗಸರು ಮಾದರಿಯನ್ನೂ ಗಂಡಸರು ಬೆಲೆಯನ್ನೂ ನೋಡುವರು. ಲೋಹವನ್ನು ನೋಡುವವರು ವಿರಳ. ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಸಂಸಾರಗಳಲ್ಲಿ ಬೆಳ್ಳಿಯು ಕೇವಲ ಅಲಂಕಾರವಲ್ಲ. ಕಾಲ್ಗಡಗ, ಡಾಬು, ಮಗುವಿನ ಉಡಿದಾರ ಇವೆಲ್ಲ ಆಪತ್ಕಾಲದ ಗಂಟು. ಮಳೆ ತಪ್ಪಿದ ವರ್ಷ ಬೆಂಗಳೂರಿಗೆ ಕೂಲಿಗೆ ಹೊರಡುವ ಕುಟುಂಬವು ದಾರಿಯ ಖರ್ಚಿಗೆ ಮೊದಲು ಕೈಯಿಕ್ಕುವುದು ಈ ಗಂಟಿಗೇ. ಒತ್ತೆಯಿಡುವ ಹೊತ್ತಿನಲ್ಲಿ ಅದು ಬೆಳ್ಳಿಯೇ ಅಲ್ಲವೆಂದು ತಿಳಿದರೆ ಆಗುವ ಸಂಕಟವನ್ನು ವಾಚಕರೇ ಊಹಿಸಬಹುದು.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಅರಿಕೆಮಾಡುವೆವು. ಕೆಲವು ವರ್ಷಗಳ ಹಿಂದೆ ನಮ್ಮ ಮೊಮ್ಮಗಳು ಲಂಬಾಣಿ ಸ್ತ್ರೀಯರ ಹಾಂಸಲಿಯನ್ನು ಹೋಲುವ ಕಂಠಾಭರಣವನ್ನು ಬಯಸಿದಳು. ತಾಂಡಾಗಳ ಹಳೆಯ ಒಡವೆಗಳ ಮಾದರಿಯು ಈಗ ನಗರದ ಹುಡುಗಿಯರಿಗೂ ಮೆಚ್ಚಾಗಿ, ಅವುಗಳ ನಕಲು ಎಲ್ಲೆಡೆಯೂ ಮಾರಾಟಕ್ಕೆ ಬಂದಿದೆಯಷ್ಟೆ. ಒಂದು ಜಾತ್ರೆಯಲ್ಲಿ ವ್ಯಾಪಾರಿಯು "ಕಪ್ಪು ಏರಿಸಿದ ಅಸಲು ಬೆಳ್ಳಿ" ಎಂದುದನ್ನು ನಂಬಿ, ರಸೀದಿಯನ್ನೂ ಕೇಳದೆ, ಬೆಳ್ಳಿಯ ಬೆಲೆಯನ್ನೇ ತೆತ್ತು ತಂದೆವು. ಮರುವರ್ಷ ಅವಳ ಮದುವೆ ಗೊತ್ತಾದಾಗ ಅದನ್ನು ಕೊಟ್ಟು ಕಾಲ್ಗಡಗ ಮಾಡಿಸಲು ಹೋದೆವು. ಪತ್ತಾರರು ಕೊಂಡಿಯ ಬಳಿ ಅರದಿಂದ ಒಂದು ಗೀರು ಎಳೆದರು; ಒಳಗಿನಿಂದ ಹಳದಿಯ ಹಿತ್ತಾಳೆ ಕಾಣಿಸಿತು. "ಮಾಸ್ತರರೇ, ಕೆಲಸ ಛಲೋ ಅದ, ಬೆಳ್ಳಿ ಮಾತ್ರ ಇಲ್ಲ" ಎಂದರು. ಮಕ್ಕಳಿಗೆ ಮೂವತ್ತು ವರ್ಷ ಪರೀಕ್ಷೆ ನಡೆಯಿಸಿದ ನಾವು ಆ ದಿನ ಪರೀಕ್ಷೆಯಲ್ಲಿ ಸೋತೆವು.

ಈ ಮೋಸವು ಹೊಸದಲ್ಲ. ಅಕ್ಕಸಾಲೆ ಎಂಬ ನಮ್ಮ ಮಾತು ಸಂಸ್ಕೃತದ ಅಕ್ಷಶಾಲಾ ಶಬ್ದದಿಂದ ಬಂದುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಶಾಲೆಯ ಅಧಿಕಾರಿಯ ಕರ್ತವ್ಯಗಳೂ, ಒರೆಗಲ್ಲಿನ ವಿಚಾರವೂ, ಲೋಹವನ್ನು ಅಪಹರಿಸುವ ಐದು ಉಪಾಯಗಳೂ ಹೇಳಲ್ಪಟ್ಟಿವೆ. ಅವುಗಳಲ್ಲಿ ತುಲಾವಿಷಮವೆಂದರೆ ತಕ್ಕಡಿಯ ಮೋಸ. ಪೇಟಕವೆಂದರೆ ಕೀಳು ಲೋಹಕ್ಕೆ ಮೇಲು ಲೋಹದ ಹೊದಿಕೆ. ನಮ್ಮ ಕಂಠಾಭರಣಕ್ಕೆ ಆಗಿದ್ದುದು ಪೇಟಕವೇ.

ಶುದ್ಧ ಬೆಳ್ಳಿಯು ಬಹಳ ಮೆದುವಾದುದರಿಂದ ಒಡವೆಗೆ ತಾಮ್ರವನ್ನು ಬೆರೆಸುವರು. 1000 ಭಾಗದಲ್ಲಿ 925 ಭಾಗ ಬೆಳ್ಳಿಯಿದ್ದರೆ ಅದಕ್ಕೆ ಸ್ಟರ್ಲಿಂಗ್ ಎಂದು ಹೆಸರು. ಜರ್ಮನ್ ಸಿಲ್ವರ್ ಎಂಬುದರಲ್ಲಿಯಾದರೋ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಣ. ನಿಕಲ್ ಕೆಲವರ ಚರ್ಮಕ್ಕೆ ತುರಿಕೆಯನ್ನೂ ತರುವುದು.

ಒಡವೆ ಕಪ್ಪಾಯಿತೆಂದು ಅದನ್ನು ನಕಲೆನ್ನಬಾರದು. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಅಸಲು ಬೆಳ್ಳಿಯೂ ಕಪ್ಪಾಗುವುದು. ಸೂಜಿಗಲ್ಲಿಗೆ ಅಂಟಲಿಲ್ಲವೆಂದು ಅಸಲೆನ್ನಲೂಬಾರದು. ತಾಮ್ರ, ಹಿತ್ತಾಳೆಗಳೂ ಅಂಟವು. ಇವೆರಡಕ್ಕಿಂತ ಮೇಲಾದ ಪರೀಕ್ಷೆ ನೀರಿನದು. ಮೊದಲು ಒಡವೆಯನ್ನು ಗ್ರಾಮಿನಲ್ಲಿ ತೂಗಿರಿ. ಅನಂತರ ನೀರು ತುಂಬಿದ ಲೋಟವನ್ನು ಗ್ರಾಮು ತೋರಿಸುವ ವಿದ್ಯುತ್ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿರಿ. ಒಡವೆಯನ್ನು ನೂಲಿನಿಂದ ಕಟ್ಟಿ, ತಳಕ್ಕೂ ಬದಿಗೂ ತಾಕದಂತೆ ನೀರಿನಲ್ಲಿ ಪೂರ್ಣವಾಗಿ ಮುಳುಗಿಸಿ ಹಿಡಿಯಿರಿ. ಆಗ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿದರೆ ಬೆಳ್ಳಿಗೆ ಸುಮಾರು ಹತ್ತೂವರೆ, ಜರ್ಮನ್ ಸಿಲ್ವರಿಗೂ ಹಿತ್ತಾಳೆಗೂ ಸುಮಾರು ಎಂಟೂವರೆ ಬರುವುದು. ಟೊಳ್ಳಾದ ಗೆಜ್ಜೆ, ಅರಗು ತುಂಬಿದ ಒಡವೆ, ಹರಳಿನ ಕೆಲಸ ಇವುಗಳಿಗೆ ಈ ಲೆಕ್ಕವು ಸಲ್ಲದು. ಸೀಸವು ಬೆಳ್ಳಿಗಿಂತಲೂ ಭಾರವಾದುದರಿಂದ, ಅದನ್ನು ಬೆರೆಸಿದವನು ನೀರನ್ನೂ ವಂಚಿಸಬಲ್ಲನು. ಆದುದರಿಂದ ಭಾಗಲಬ್ಧವು ಸರಿಬಂದರೂ ಕಡೆಯ ತೀರ್ಪನ್ನು ಬಲ್ಲ ಪತ್ತಾರರಿಗೇ ಬಿಡತಕ್ಕದ್ದು.

ಸರ್ಕಾರದ ಹಾಲ್‌ಮಾರ್ಕ್ ಮುದ್ರೆಯು ಬೆಳ್ಳಿಗೆ 2005ರಿಂದ ದೊರೆಯುತ್ತಿದೆ. 2025ರ ಸೆಪ್ಟೆಂಬರ್ 1ರಿಂದ ಮುದ್ರೆಯ ಜೊತೆಗೆ ಅಂಕಿ ಅಕ್ಷರಗಳು ಸೇರಿದ ಆರು ಸ್ಥಾನಗಳ ಗುರುತೂ ಬಂದಿತು; ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಕೊಟ್ಟು ನೋಡಬಹುದು. ಆದರೆ ಆಗಲೂ ಬೆಳ್ಳಿಗೆ ಮುದ್ರೆ ಹಾಕಿಸುವುದು ವ್ಯಾಪಾರಿಯ ಇಚ್ಛೆಗೇ ಬಿಡಲ್ಪಟ್ಟಿತು. ಆದಕಾರಣ ಕೇಳಿ ಪಡೆಯುವ ಹೊಣೆ ಕೊಳ್ಳುವವರದು. ಬರಿಯ 925 ಎಂಬ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು, ಅದಕ್ಕೆ ಮರುಳಾಗಬಾರದು. ಲೋಹದ ಹೆಸರು, ಶುದ್ಧತೆ, ಹರಳು ಅರಗುಗಳನ್ನು ಕಳೆದ ತೂಕ, ಮಜೂರಿ ಇವು ನಾಲ್ಕನ್ನೂ ರಸೀದಿಯಲ್ಲಿ ಬರೆಯಿಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಮರ್ಯಾದೆಯಾಗಿ ಎದ್ದುಬರುವುದೇ ಲೇಸು.

ನಕಲು ಒಡವೆಯನ್ನು ಧರಿಸುವುದು ಅವಮಾನವೆಂದು ನಾವು ಹೇಳುವುದಿಲ್ಲ. ಮಾದರಿ ಚೆಲುವಾಗಿದ್ದು, ಬೆಲೆ ಹಿತ್ತಾಳೆಯದೇ ಆಗಿದ್ದರೆ ಸಂತೋಷದಿಂದ ಕೊಳ್ಳಬಹುದು. ನಮ್ಮ ಮೊಮ್ಮಗಳು ಆ ಕಂಠಾಭರಣವನ್ನು ಇಂದಿಗೂ ಹಬ್ಬಕ್ಕೆ ಧರಿಸುವಳು. ನಾವು ಮನೆಯ ಪುಸ್ತಕದಲ್ಲಿ ಅದನ್ನು ಬೆಳ್ಳಿಯ ಲೆಕ್ಕದಿಂದ ತೆಗೆದು ಅಲಂಕಾರದ ಲೆಕ್ಕಕ್ಕೆ ಬರೆದೆವು. ಗೃಹಸ್ಥರು ಈ ಎರಡು ಲೆಕ್ಕಗಳನ್ನು ಕೊಳ್ಳುವ ದಿನವೇ ಬೇರ್ಪಡಿಸಿಕೊಂಡರೆ, ಒತ್ತೆಯ ದಿನ ತಲೆ ತಗ್ಗಿಸಬೇಕಾಗಿ ಬಾರದು.