ನವಾಹೊ ಹೊಲದಲ್ಲಿ ಪ್ರಶ್ನೆ ಕೇಳುವ ಪಾಠ

ಅಮೆರಿಕದ ನವಾಹೊ ಸೀಮೆಯ ಹಳ್ಳಿಗೆ ತರಬೇತಿಗೆಂದು ಬರುವ ಕೃಷಿ ವಿದ್ಯಾರ್ಥಿಗೆ ಮಣ್ಣಿನ ಪರೀಕ್ಷೆ ಗೊತ್ತಿದ್ದರಷ್ಟೇ ಸಾಲದು. ತಾನು ಯಾರೆಂದು ಹೇಳಿಕೊಳ್ಳುವುದನ್ನೂ ಕಲಿತಿರಬೇಕು. ಅಲ್ಲಿ ಪರಿಚಯವೆಂದರೆ ಹೆಸರು, ಕಾಲೇಜು, ತರಗತಿಯಲ್ಲ, ನಾಲ್ಕು ಕುಲಗಳು. ಮೊದಲು ತಾಯಿಯ ಕುಲ, ಆಮೇಲೆ ತಂದೆಯದು, ನಂತರ ತಾಯಿಯ ತಂದೆಯದು ಮತ್ತು ತಂದೆಯ ತಂದೆಯದು. ನಮ್ಮ ತುಳುನಾಡಿನ 'ಬಳಿ'ಯಂತೆ ಅಲ್ಲಿಯೂ ಕುಲ ತಾಯಿಯಿಂದಲೇ ಬರುತ್ತದೆ. ಎದುರಿಗೆ ಕುಳಿತ ಅಜ್ಜಿಯ ಕುಲವೂ ಹುಡುಗನ ಕುಲವೂ ಒಂದೇ ಆಯಿತೆನ್ನಿ, ಹಿಂದೆಂದೂ ಮುಖ ನೋಡಿರದಿದ್ದರೂ ಅವರು ನೆಂಟರೇ. ಮಾತು ಶುರುವಾಗುವುದು ಅಲ್ಲಿಂದ.

ನವಾಹೊಗಳು ತಮ್ಮನ್ನು 'ಡಿನೆ' ಎಂದು ಕರೆದುಕೊಳ್ಳುತ್ತಾರೆ. 'ಜನ' ಎಂದಷ್ಟೇ ಅದರ ಅರ್ಥ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿರುವ ಅವರ ನೆಲದ ವಿಸ್ತಾರ ಸುಮಾರು 70 ಸಾವಿರ ಚದರ ಕಿ.ಮೀ.; ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. 2020ರ ಜನಗಣತಿಯಂತೆ ಅಲ್ಲಿ ವಾಸವಾಗಿದ್ದವರು ಸುಮಾರು 1.65 ಲಕ್ಷ. ಸಿರಿವಂತ ದೇಶದ ನಡುವೆಯೇ ಇದ್ದರೂ ಸುಮಾರು ಮೂರನೆಯ ಒಂದು ಪಾಲು ಮನೆಗಳಿಗೆ ನಲ್ಲಿ ನೀರಿಲ್ಲ. ಪೀಪಾಯಿ ಹೇರಿಕೊಂಡು ಹತ್ತಾರು ಮೈಲಿ ಹೋಗಿ ತರಬೇಕು.

ಹೊರಗಿನಿಂದ ಪುಸ್ತಕ ಹಿಡಿದು ಬರುವವರನ್ನು ಇಲ್ಲಿಯ ಹಿರಿಯರು ಬೇಗ ನಂಬುವುದಿಲ್ಲ. ಅದಕ್ಕೆ ಕಾರಣವೂ ಇದೆ. 1864ರಲ್ಲಿ ಸೈನ್ಯ ಅವರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಸೆರೆಯಲ್ಲಿಟ್ಟಿತು. 1868ರ ಒಪ್ಪಂದದ ನಂತರವೇ ಅವರು ಮನೆಗೆ ಮರಳಿದ್ದು. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗುತ್ತದೆ ಎಂದ ಸರ್ಕಾರ ಅವರ ಕುರಿ, ಮೇಕೆ, ಕುದುರೆಗಳನ್ನು ಲಕ್ಷಗಟ್ಟಲೆ ಕಡಿಮೆ ಮಾಡಿಸಿತು. ಎಷ್ಟೋ ಮಂದೆಗಳನ್ನು ಒಡೆಯರ ಕಣ್ಣೆದುರಿಗೇ ಕೊಲ್ಲಲಾಯಿತು. ಅಂದು ಬಂದವರೂ 'ತಜ್ಞರೇ'!

ನದಿ ಹಳದಿಯಾದ ದಿನ

2015ರ ಆಗಸ್ಟ್ 5ರಂದು ಕೊಲರಾಡೊದ ಗೋಲ್ಡ್ ಕಿಂಗ್ ಎಂಬ ಹಳೆಯ ಗಣಿಯಲ್ಲಿ ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ ಪರವಾಗಿ ಕೆಲಸ ನಡೆದಿದ್ದಾಗ ತಡೆ ಒಡೆಯಿತು. ಒಂದು ಕೋಟಿ ಲೀಟರಿಗೂ ಹೆಚ್ಚು ವಿಷಯುಕ್ತ ನೀರು ಹರಿದು ನವಾಹೊಗಳ ಸ್ಯಾನ್ ಹುವಾನ್ ನದಿಗೆ ಸೇರಿತು. ಸೀಸ, ಆರ್ಸೆನಿಕ್ ಬೆರೆತ ನೀರು. ಶಿಪ್‌ರಾಕ್‌ನ ರೈತರು ಕಾಲುವೆ ಮುಚ್ಚಿದರು. ಮೆಕ್ಕೆಜೋಳ, ಕಲ್ಲಂಗಡಿ ಹೊಲದಲ್ಲೇ ಒಣಗಿದವು.

ಅಪಾಯವನ್ನು ಅಳೆಯಲು ಅಧಿಕಾರಿಗಳು ಹಿಡಿದ ಲೆಕ್ಕ ಚಾರಣಿಗನದು. ನದಿ ಬದಿಯಲ್ಲಿ ನಡೆದು, ಅದರ ನೀರು ಕುಡಿದು, ಮನೆಗೆ ಹಿಂತಿರುಗುವವನು ಅವನು. ಆದರೆ ನದಿಯ ದಡದಲ್ಲೇ ಹುಟ್ಟಿ, ಅದೇ ನೀರಿನಿಂದ ಬೆಳೆ ತೆಗೆದು, ಕುರಿಗೆ ಕುಡಿಸಿ, ಪೂಜೆಗೂ ಬಳಸುವವರ ಲೆಕ್ಕ?

ಇದನ್ನು ತಿಳಿಯಲು ಅರಿಜೋನ ವಿಶ್ವವಿದ್ಯಾಲಯ, ಡಿನೆ ಕಾಲೇಜು ಮೊದಲಾದವು ಸೇರಿ ಅಧ್ಯಯನ ಕೈಗೊಂಡವು. ನವಾಹೊ ವಿದ್ಯಾರ್ಥಿಗಳು ಸ್ಥಳೀಯ ಆರೋಗ್ಯ ಕಾರ್ಯಕರ್ತರೊಡನೆ ಮನೆಮನೆಗೆ ಹೋದರು. ನೀರು, ಮಣ್ಣಿನ ಮಾದರಿ ತಂದರು. ಅದಕ್ಕಿಂತ ಮುಖ್ಯವಾಗಿ, ಜನರನ್ನು ಕೂರಿಸಿ 'ಈ ನದಿಯಿಂದ ಏನೇನು ಮಾಡುತ್ತೀರಿ' ಎಂದು ಕೇಳಲಾಯಿತು. ಪಟ್ಟಿ ನಲವತ್ತನ್ನು ದಾಟಿತು! ಚಾರಣಿಗನ ಲೆಕ್ಕದಲ್ಲಿ ಇವುಗಳಲ್ಲಿ ಹೆಚ್ಚಿನವು ಇರಲೇ ಇಲ್ಲ. ಅಧ್ಯಯನಕ್ಕೆ ಇಟ್ಟ ನವಾಹೊ ಹೆಸರಿನ ಅರ್ಥ 'ನೀರು ಹಳದಿಯಾಗಿದೆ'.

ಇದರ ಮುಂದಾಳು ಕಾರ್ಲೆಟ್ಟಾ ಚೀಫ್ ಸ್ವತಃ ನವಾಹೊ. ವಿದ್ಯುತ್ತೂ ನಲ್ಲಿಯೂ ಇಲ್ಲದ ಮನೆಯಲ್ಲಿ ಬೆಳೆದ ಹುಡುಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ, ಜಲವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಪ್ರಾಧ್ಯಾಪಕಿಯಾದರು. ಸೌರಶಕ್ತಿಯಿಂದ ನೀರು ಸೋಸುವ ಘಟಕ, ಹಸಿರುಮನೆಗಳಲ್ಲಿ ವಿದ್ಯಾರ್ಥಿಗಳನ್ನು ಪಳಗಿಸುವ ಯೋಜನೆಯನ್ನೂ ಅವರು ನಡೆಸಿದರು. 'ಹಳ್ಳಿ ತಿರುಗಿದರೆ ಓದು ಹಾಳು' ಎನ್ನುವ ತಂದೆತಾಯಂದಿರು ಇದನ್ನು ಗಮನಿಸಬಹುದು.

ಡಿನೆ ಕಾಲೇಜು ಶುರುವಾದದ್ದು 1968ರಲ್ಲಿ. ಬುಡಕಟ್ಟೊಂದು ತಾನೇ ನಡೆಸುವ ಕಾಲೇಜುಗಳಲ್ಲಿ ಅದು ಅಮೆರಿಕಕ್ಕೇ ಮೊದಲನೆಯದು. ಕೃಷಿ ಶಿಕ್ಷಣಕ್ಕೆಂದು ರಾಜ್ಯಗಳಿಗೆ ಭೂಮಿ ಕೊಡುವ 'ಲ್ಯಾಂಡ್ ಗ್ರಾಂಟ್' ಕಾಯ್ದೆ ಬಂದದ್ದು 1862ರಲ್ಲಿ. ಆ ಭೂಮಿಯೋ ಬುಡಕಟ್ಟುಗಳಿಂದ ಕಸಿದುಕೊಂಡದ್ದು! ಬುಡಕಟ್ಟು ಕಾಲೇಜುಗಳಿಗೆ ಆ ಸ್ಥಾನ ಸಿಕ್ಕಿದ್ದು 132 ವರ್ಷಗಳ ನಂತರ, 1994ರಲ್ಲಿ. ಇದೇ ಮಾದರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲೇ ಸ್ಥಾಪನೆಯಾಗಿತ್ತು ಎಂಬುದು ಸ್ವಾರಸ್ಯ.

ತರಬೇತಿಯ ದಾರಿಗಳು ಹಲವು. ದೊಡ್ಡ ಬೇಸಾಯ ನೋಡಬೇಕೆಂದರೆ 1970ರಲ್ಲಿ ಸ್ಥಾಪನೆಯಾದ ನವಾಹೊಗಳದೇ ಕೃಷಿ ಉದ್ಯಮವಿದೆ. ಆಲೂಗಡ್ಡೆ, ಮೆಕ್ಕೆಜೋಳ, ಕುದುರೆಮೇವಿನ ಸೊಪ್ಪು ಅಲ್ಲಿಯ ಮುಖ್ಯ ಬೆಳೆಗಳು. ಚಿಕ್ಕದು ಬೇಕಾದರೆ ಊರಿನ ಕೈತೋಟ. 2014ರಲ್ಲಿ ನವಾಹೊ ಸರ್ಕಾರ ಕುರುಕಲು ತಿಂಡಿಗೆ ಶೇ. 2 ಹೆಚ್ಚುವರಿ ತೆರಿಗೆ ಹಾಕಿ, ಹಣ್ಣು-ತರಕಾರಿಯ ತೆರಿಗೆ ತೆಗೆಯಿತು. ಆ ಹಣ ಊರುಗಳ ತೋಟಕ್ಕೆ, ಆರೋಗ್ಯದ ಕೆಲಸಕ್ಕೆ ಹೋಗುತ್ತದೆ. ಮಳೆ ಕಡಿಮೆಯಾದ ಒಣಭೂಮಿಯಲ್ಲಿ ಬೀಜವನ್ನು ಕೋಲಿನಿಂದ ಆಳಕ್ಕೆ ಊರಿ ಕೆಳಗಿನ ಪಸೆಗೆ ಮುಟ್ಟಿಸುವ ಬಗೆಯನ್ನು ತೋರಿಸಿಕೊಡಲು ಮಾತ್ರ ಹಿರಿಯರೇ ಬೇಕು.

ಆದರೆ ಯಾರೂ ನೇರವಾಗಿ ಹೋಗಿ ಜನರನ್ನು ಪ್ರಶ್ನಿಸುವಂತಿಲ್ಲ. ಜನರನ್ನು ಕುರಿತ ಯಾವ ಸಂಶೋಧನೆಗೂ 1996ರಲ್ಲಿ ರಚನೆಯಾದ ನವಾಹೊ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ದೊರೆತ ಮಾಹಿತಿ ನವಾಹೊ ರಾಷ್ಟ್ರದ ಸ್ವತ್ತು. ಫಲಿತಾಂಶವನ್ನು ಊರವರಿಗೆ ಹಿಂದಿರುಗಿ ಬಂದು ತಿಳಿಸಲೇಬೇಕು. ಸಭೆಯಲ್ಲಿ ಇಂಗ್ಲಿಷ್ ಬಾರದ ಅಜ್ಜಿಯರೂ ಕುಳಿತಿರುತ್ತಾರೆ. ನೀರಿನಲ್ಲಿ ಆರ್ಸೆನಿಕ್ ಎಷ್ಟಿದೆ, ಅದರಿಂದ ಕುರಿಗೆ ಏನಾಗುತ್ತದೆ ಎಂಬುದನ್ನು ಅವರ ನುಡಿಯಲ್ಲಿ ಬಿಡಿಸಿ ಹೇಳುವ ಕೆಲಸ ಹಲವು ಸಲ ಇಪ್ಪತ್ತರ ಹರೆಯದ ವಿದ್ಯಾರ್ಥಿಯ ಪಾಲಿಗೇ ಬರುತ್ತದೆ.