ಕಾರು ಓಟದ ವಿಡಿಯೋ ಗೇಮ್‌ಗೆ ನಿಯಂತ್ರಕದ ಆಯ್ಕೆ: ಖರೀದಿ ಬೆಲೆಯೋ, ಗಂಟೆಯ ವೆಚ್ಚವೋ?

ನಗರಗಳಲ್ಲಿ ಗೇಮಿಂಗ್ ಕೇಂದ್ರಗಳನ್ನು ತೆರೆಯುವ ಸಣ್ಣ ಉದ್ಯಮಿಗಳು ಬಂಡವಾಳದ ಬಹುಪಾಲನ್ನು ಕಂಪ್ಯೂಟರ್ ಹಾಗೂ ಪರದೆಗಳಿಗೆ ತೊಡಗಿಸಿ, ಆಟಗಾರನ ಕೈಗೆ ಸಿಗುವ ನಿಯಂತ್ರಕವನ್ನು ಕೊನೆಯಲ್ಲಿ ಅವಸರದಿಂದ ಆರಿಸುವುದುಂಟು. ಕಾರು ಓಟದ ಆಟಗಳ ಮಟ್ಟಿಗೆ ಈ ಕ್ರಮವು ನಷ್ಟಕ್ಕೆ ದಾರಿ ಮಾಡಬಲ್ಲದು.

ನಿಯಂತ್ರಕಗಳ ವಿಧಗಳು

ಸಾಮಾನ್ಯ ಕೀಲಿಮಣೆಯ ಗುಂಡಿಗೆ ಒತ್ತಿದ ಹಾಗೂ ಬಿಟ್ಟ ಎರಡೇ ಸ್ಥಿತಿಗಳಿರುವುದರಿಂದ ಅರ್ಧ ಬ್ರೇಕ್ ಹಾಕುವುದಾಗಲಿ, ಸ್ವಲ್ಪವೇ ತಿರುಗಿಸುವುದಾಗಲಿ ಕಷ್ಟಸಾಧ್ಯ. ಗೇಮ್‌ಪ್ಯಾಡಿನ ಕಡ್ಡಿ ಮತ್ತು ಟ್ರಿಗರ್‌ಗಳು ಸರಿದ ಪ್ರಮಾಣವನ್ನು ಗ್ರಹಿಸುತ್ತವೆಯಾದರೂ ಅವುಗಳ ಚಲನೆಯ ವ್ಯಾಪ್ತಿ ಅತಿ ಕಿರಿದು.

ಸ್ಟೀರಿಂಗ್ ಚಕ್ರದಲ್ಲಿ ಮೂರು ಬಗೆಗಳಿವೆ. 2015ರಲ್ಲಿ ಬಂದ ಲಾಜಿಟೆಕ್ ಜಿ29 ಗಿಯರ್ ಮೂಲಕ ಪ್ರತಿಬಲ ನೀಡುವ, 900 ಡಿಗ್ರಿ ತಿರುಗುವ ಮಾದರಿ. ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟ್ ಆಧಾರಿತವಾಗಿದ್ದು 1,080 ಡಿಗ್ರಿ ತಿರುಗುತ್ತದೆ. ಮೂರನೆಯದಾದ ಡೈರೆಕ್ಟ್ ಡ್ರೈವ್‌ನಲ್ಲಿ ಚಕ್ರವು ಮೋಟಾರಿನ ದಂಡಕ್ಕೇ ನೇರವಾಗಿ ಜೋಡಣೆಯಾಗಿರುತ್ತದೆ. 2021ರ ಫ್ಯಾನಟೆಕ್ ಸಿಎಸ್‌ಎಲ್ ಡಿಡಿ 5 ನ್ಯೂಟನ್ ಮೀಟರ್ ಬಲವನ್ನೂ, 2022ರ ಲಾಜಿಟೆಕ್ ಜಿ ಪ್ರೊ 11 ನ್ಯೂಟನ್ ಮೀಟರ್ ಬಲವನ್ನೂ ನೀಡುತ್ತವೆ. ಇಷ್ಟು ಬಲ ತಾಳಲು ಸಾಮಾನ್ಯ ಮೇಜು ಸಾಲದೇ ಹೋಗಬಹುದು. ಗಟ್ಟಿಯಾದ ಚೌಕಟ್ಟು ಬೇಕಾಗಬಹುದು. ಆ ವೆಚ್ಚವನ್ನೂ ಅಂದಾಜಿಗೆ ಸೇರಿಸತಕ್ಕದ್ದು.

ಚಕ್ರದಷ್ಟೇ ಪೆಡಲ್ ಕೂಡ ಮುಖ್ಯ. ಅಗ್ಗದ ಪೆಡಲ್‌ಗಳಲ್ಲಿನ ಪೊಟೆನ್ಶಿಯೋಮೀಟರ್ ಉಜ್ಜಾಟದಿಂದ ಸವೆಯುತ್ತದೆ. ಹಾಲ್ ಸಂವೇದಕದಲ್ಲಿ ಅಂತಹ ಉಜ್ಜಾಟವಿಲ್ಲ. ಲೋಡ್ ಸೆಲ್ ಬ್ರೇಕ್ ಪಾದ ಸರಿದ ದೂರದ ಬದಲು ಒತ್ತಿದ ಬಲವನ್ನೇ ಅಳೆಯುವುದರಿಂದ ನಿಜವಾದ ಕಾರಿನ ಬ್ರೇಕಿಗೆ ಹತ್ತಿರವಾಗಿರುತ್ತದೆ.

ಲೆಕ್ಕದ ಒಂದು ಉದಾಹರಣೆ

ಚಕ್ರ ಹಾಗೂ ಪೆಡಲ್ ಸೇರಿ ರೂ. 30,000, ಬಾಳಿಕೆ 3,000 ಗಂಟೆ, ಮರುಮಾರಾಟ ಮೌಲ್ಯ ರೂ. 6,000 ಎಂದು ಭಾವಿಸೋಣ. ಗಂಟೆಯ ವೆಚ್ಚ ರೂ. 8. ಗೇಮ್‌ಪ್ಯಾಡಿನ ಬೆಲೆ ರೂ. 5,000, ಬಾಳಿಕೆ 1,000 ಗಂಟೆ, ಮರುಮಾರಾಟ ಶೂನ್ಯ ಎಂದಾದರೆ ಗಂಟೆಗೆ ರೂ. 5. ಬೆಲೆಯಲ್ಲಿ ಆರು ಪಟ್ಟು ಅಂತರವಿದ್ದರೂ ಗಂಟೆಯ ವೆಚ್ಚದಲ್ಲಿರುವುದು ಮೂರು ರೂಪಾಯಿ ಮಾತ್ರ.

ಆದರೆ ಇಷ್ಟಕ್ಕೇ ತೀರ್ಮಾನಿಸಲಾಗದು. ಚಕ್ರಕ್ಕೆ ಗ್ರಾಹಕರು ಗಂಟೆಗೆ ರೂ. 20 ಹೆಚ್ಚು ತೆರುವುದಾದರೆ, ಹೆಚ್ಚುವರಿ ಬಂಡವಾಳ ರೂ. 25,000 ಮರಳಲು 1,250 ಗಂಟೆ ಬೇಕು. ದಿನಕ್ಕೆ 5 ಗಂಟೆ ಬಳಕೆಯಿದ್ದಲ್ಲಿ ಅದು 250 ದಿನ. ಒಂದೇ ಗಂಟೆಯಾದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ. ಸಾಲದ ಹಣದಲ್ಲಿ ಕೊಂಡವರಿಗೆ ಬಡ್ಡಿಯ ಹೊರೆ ಬೇರೆ. ಆದ್ದರಿಂದ ನಿರ್ಣಾಯಕವಾದುದು ಸಾಧನದ ಗುಣಮಟ್ಟಕ್ಕಿಂತ ಅದರ ನಿತ್ಯ ಬಳಕೆ.

ಖರೀದಿಗೆ ಮುನ್ನ

ಮೊದಲನೆಯದಾಗಿ ಹೊಂದಾಣಿಕೆ. ಜಿ29 ಪ್ಲೇಸ್ಟೇಷನ್‌ಗೆ, ಅದರ ಜೋಡಿ ಮಾದರಿಯಾದ ಜಿ920 ಎಕ್ಸ್‌ಬಾಕ್ಸ್‌ಗೆ ಮೀಸಲು. ಕಂಪ್ಯೂಟರಿನಲ್ಲಿ ಎರಡೂ ನಡೆಯುತ್ತವೆ. ತಪ್ಪಾಗಿ ತರಿಸಿದ ದಾಸ್ತಾನು ಸತ್ತ ಸರಕಾಗುತ್ತದೆ. ಎರಡನೆಯದಾಗಿ, ಪವರ್ ಅಡಾಪ್ಟರ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಯೋಜನೆಗೆ ಒಳಪಟ್ಟಿರುವುದರಿಂದ ಅದರ ಗುರುತನ್ನು ಪರಿಶೀಲಿಸತಕ್ಕದ್ದು. ಮೂರನೆಯದಾಗಿ, ನಿಯಮಿತ ಜಿಎಸ್‌ಟಿ ನೋಂದಣಿ ಉಳ್ಳವರು ತಮ್ಮ ನೋಂದಣಿ ಸಂಖ್ಯೆಯಿರುವ ಬಿಲ್ ಪಡೆದಲ್ಲಿ, ನಿಯಮಗಳಿಗೊಳಪಟ್ಟು, ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಅವಕಾಶವಿಲ್ಲ; ಅವರಿಗೆ ತೆರಿಗೆಯೂ ವೆಚ್ಚವೇ.

ಹೊಸದಾಗಿ ಆರಂಭಿಸುವವರು ಎಲ್ಲ ಆಸನಗಳಿಗೂ ಗೇಮ್‌ಪ್ಯಾಡ್ ಒದಗಿಸಿ, ಒಂದೇ ಆಸನಕ್ಕೆ ಮಧ್ಯಮ ಬೆಲೆಯ ಚಕ್ರ ಅಳವಡಿಸಿ, ಮೂರು ತಿಂಗಳ ಬಳಕೆಯನ್ನು ಪುಸ್ತಕದಲ್ಲಿ ದಾಖಲಿಸುವುದು ಒಳಿತು. ಎರಡನೆಯ ಚಕ್ರ ಬೇಕೇ ಬೇಡವೇ ಎಂಬುದನ್ನು ಮಾರಾಟಗಾರನ ಮಾತಿಗಿಂತ ಆ ಪುಸ್ತಕವೇ ಸ್ಪಷ್ಟವಾಗಿ ಹೇಳುತ್ತದೆ.