ದಮ್ಮು ಇದ್ದವರಿಗೆ ನಿದ್ದೆ ಬಾರದಿದ್ದರೆ...

ನಿಮ್ಮ ಅತ್ತೆಯವರು ರಾತ್ರಿಯೆಲ್ಲ ಕೆಮ್ಮುತ್ತಾ ಹಾಸಿಗೆ ಮೇಲೆ ಎದ್ದು ಕೂರುತ್ತಾರಾ? ‘ವಯಸ್ಸಾಯ್ತು, ಇನ್ನೆಲ್ಲಿಯ ನಿದ್ದೆ’ ಅಂತ ಸುಮ್ಮನಾಗಬೇಡಿ.

ಭಾತಂಬ್ರಾ, ಭಾಲ್ಕಿ, ಔರಾದ ಕಡೆ ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ವರ್ಷಗಟ್ಟಲೆ ಅಡುಗೆ ಮಾಡಿದ ಹೆಂಗಸರಿಗೆ, ಬೀಡಿ ಮುಟ್ಟದಿದ್ದರೂ, ಸಿಓಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರಬಹುದು. ಬೀದರಿಗೆ ಬಂದು ಗ್ಯಾಸ್ ಒಲೆ ಸಿಕ್ಕರೂ ಹಳೆಯ ಹೊಗೆಯ ಪೆಟ್ಟು ಪೂರ್ತಿ ಹೋಗುವುದಿಲ್ಲ. ಮಲಗಿದಾಗ ಉಸಿರಾಟ ಇನ್ನೂ ಕಷ್ಟವಾಗುತ್ತದೆ, ಕಫ ಕಟ್ಟುತ್ತದೆ, ಜೊತೆಗೆ ‘ಉಸಿರು ನಿಂತರೆ?’ ಎಂಬ ಭಯ. ನಿದ್ದೆ ಬರುವುದಾದರೂ ಹೇಗೆ?

ಇಲ್ಲಿ ಅನೇಕರು ಮಾಡುವ ತಪ್ಪು, ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಡುವುದು. ಅಲ್ಪ್ರಜೋಲಮ್‌ನಂಥ ಮಾತ್ರೆ ಇಂಥವರ ಉಸಿರಾಟವನ್ನೇ ಮಂದ ಮಾಡಬಲ್ಲದು. ವೈದ್ಯರನ್ನು ಕೇಳದೆ ಖಂಡಿತ ಬೇಡ. ಮೊದಲು ದಮ್ಮು ಹತೋಟಿಗೆ ಬರಲಿ.

ಹೀಗೆ ಮಾಡಿ:

* ‘ಚಟ ಆಗುತ್ತೆ’ ಅಂತ ಇನ್‌ಹೇಲರ್ ಬಿಡಿಸಬೇಡಿ. ಅದು ಚಟ ಹಿಡಿಸುವುದಿಲ್ಲ. ಎಳೆದುಕೊಳ್ಳುವ ವಿಧಾನ ಸರಿಯಿದೆಯೇ ಅಂತ ವೈದ್ಯರ ಮುಂದೆಯೇ ತೋರಿಸಿ. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಆದರೆ ನಂತರ ಬಾಯಿ ಮುಕ್ಕಳಿಸಲಿ.
* ದಮ್ಮಿನ ಕೆಲವು ಮಾತ್ರೆಗಳು (ಥಿಯೋಫಿಲಿನ್, ಸ್ಟಿರಾಯ್ಡ್) ನಿದ್ದೆ ಕೆಡಿಸುತ್ತವೆ. ಯಾವ ಹೊತ್ತಿಗೆ ಕೊಡಬೇಕು ಅಂತ ಕೇಳಿ.
* ತಲೆಯಷ್ಟೇ ಅಲ್ಲ, ಬೆನ್ನೂ ಎತ್ತರವಾಗುವಂತೆ ದಿಂಬು ಇಡಿ.
* ಚಳಿ ಅಂತ ಬಾಗಿಲು ಮುಚ್ಚಿ ಕೆಂಡ ಇಡಬೇಡಿ. ಸೊಳ್ಳೆ ಕಾಯಿಲ್, ಲೋಬಾನದ ಹೊಗೆಯೂ ಬೇಡ. ಕಂಬಳಿ ಹೊದಿಸಿ.
* ರಾತ್ರಿ ಊಟ ಹಗುರಾಗಿ, ಬೇಗ ಮುಗಿಯಲಿ. ಸಂಜೆ ಮೇಲೆ ಚಹಾ ಬೇಡ.
* ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಲಿ. ಹಗಲು ನಿದ್ದೆ ಅರ್ಧ ಗಂಟೆ ಸಾಕು.
* ಇಪ್ಪತ್ತು ನಿಮಿಷವಾದರೂ ನಿದ್ದೆ ಬರಲಿಲ್ಲವೇ? ಎದ್ದು ಕುರ್ಚಿಯಲ್ಲಿ ಕೂತು, ಮೂಗಿನಿಂದ ಉಸಿರೆಳೆದು, ಸಿಳ್ಳೆ ಹಾಕುವಂತೆ ತುಟಿ ಮಾಡಿ ನಿಧಾನ ಬಿಡಲಿ. ಕಣ್ಣು ಎಳೆಯತೊಡಗಿದ ಮೇಲೆ ಮಲಗಲಿ.

ಜೋರು ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುತ್ತಿದ್ದರೆ, ಬೆಳಿಗ್ಗೆ ತಲೆನೋವು, ಹಗಲೆಲ್ಲ ಮಂಪರು ಇದ್ದರೆ ಬೀದರಿನ ಬ್ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞರಿಗೆ ತೋರಿಸಿ. ಮನೆಯಲ್ಲಿ ಆಕ್ಸಿಜನ್ ಇದ್ದರೆ ಅದರ ಪ್ರಮಾಣ ನೀವಾಗಿ ಹೆಚ್ಚಿಸಬೇಡಿ. ತುಟಿ ನೀಲಿಯಾದರೆ, ಮಾತು ತೊದಲಿದರೆ, ಗೊಂದಲವಾದಂತೆ ಕಂಡರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಗದು, ಕೆಲವು ವಾರ ಬೇಕು. ತಾಳ್ಮೆ ಇರಲಿ. ಅವರು ನೆಮ್ಮದಿಯಾಗಿ ಮಲಗಿದರೆ ತಾನೇ ನಿಮಗೂ ನಿದ್ದೆ!